ಜಿಯಾಲಜಿಗೆ ಗಣಿತ ಬೇಕೇ?

ಪ್ರಶ್ನೆ: ಮಗಳು ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ಲಸ್ ಟು ಸೈನ್ಸ್ ಮುಗಿಸಿದ್ದಾಳೆ. ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಜಿಯಾಲಜಿ (ಭೂಗರ್ಭಶಾಸ್ತ್ರ) ಓದುವ ಆಸೆ, ಆದರೆ ಅವಳಿಗೆ ಗಣಿತ ಬೇಡವಂತೆ. ಡಿಗ್ರಿ ಮೂರು ವರ್ಷ ಸಾಕೇ, ನಾಲ್ಕು ಬೇಕೇ? ಅಷ್ಟು ಓದಿದರೆ ಕೇಂದ್ರ ಸರ್ಕಾರದ ಜಿಯಾಲಜಿಸ್ಟ್ ಆಗಬಹುದೇ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇವೆ: ಆಗದು. ಆ ಹುದ್ದೆಗೆ ಆಯ್ಕೆ ಮಾಡುವ ಯುಪಿಎಸ್‌ಸಿಯ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆಗೆ ಜಿಯಾಲಜಿ ಅಥವಾ ಅದರ ಹತ್ತಿರದ ವಿಷಯದಲ್ಲಿ ಸ್ನಾತಕೋತ್ತರ ಪದವಿ ಬೇಕು. ನಾಲ್ಕು ವರ್ಷದ ಆನರ್ಸ್ ಅದರ ಬದಲಿಗೆ ನಡೆಯುವುದಿಲ್ಲ.

ಕೇರಳದಲ್ಲಿ 2024ರಿಂದ ಬಂದ ಪದ್ಧತಿಯಲ್ಲಿ 133 ಕ್ರೆಡಿಟ್ ಮುಗಿಸಿ ಮೂರು ವರ್ಷಕ್ಕೆ ಡಿಗ್ರಿ ಪಡೆಯಬಹುದು. ಆನರ್ಸ್ ಬೇಕಾದರೆ ನಾಲ್ಕು ವರ್ಷ, 177 ಕ್ರೆಡಿಟ್. ಎರಡು ವರ್ಷದ ಎಂ.ಎಸ್ಸಿ. ಸೇರಲು ಮೂರು ವರ್ಷದ ಡಿಗ್ರಿ ಸಾಕು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜಿಯಾಲಜಿ ಇದೆ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮರೈನ್ (ಸಮುದ್ರದ) ಜಿಯಾಲಜಿ. ಐಐಟಿಯ ಎಂ.ಎಸ್ಸಿ.ಗಾದರೆ ಜಾಮ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು.

ಇನ್ನು ಗಣಿತ. ಮೈನರ್ (ಮುಖ್ಯ ವಿಷಯದ ಜೊತೆಗೆ ಓದುವ ಉಪವಿಷಯ) ಆರಿಸುವಾಗ ಸುಲಭದ್ದನ್ನು ಹುಡುಕಿ ಗಣಿತ, ಫಿಸಿಕ್ಸ್ ಎರಡನ್ನೂ ಬಿಟ್ಟವರಿಗೆ ಜಿಯೋಫಿಸಿಕ್ಸ್ (ಭೂಭೌತಶಾಸ್ತ್ರ) ಎಂ.ಎಸ್ಸಿ.ಯ ದಾರಿ ಹೆಚ್ಚಿನ ಕಡೆ ಅಲ್ಲಿಗೇ ಮುಚ್ಚಿತು. ಅಪ್ಲಿಕೇಶನ್ ಹಾಕುವ ದಿನವಷ್ಟೇ ಅದು ಗೊತ್ತಾಗುತ್ತದೆ.

ಬರೀ ಜಿಯಾಲಜಿಯಲ್ಲೂ ತ್ರಿಕೋನಮಿತಿ ಬಿಡುವುದಿಲ್ಲ. ಪ್ರಾಕ್ಟಿಕಲ್‌ನಲ್ಲಿ ಮ್ಯಾಪ್ ಕೊಟ್ಟು ಅಡ್ಡಕೊಯ್ತ (ನೆಲವನ್ನು ಒಂದು ಗೆರೆಯಲ್ಲಿ ಸೀಳಿದರೆ ಒಳಗೆ ಕಾಣುವ ಚಿತ್ರ) ಬಿಡಿಸಲು ಹೇಳುತ್ತಾರೆ. ಕಲ್ಲಿನ ಪದರದ ಡಿಪ್, ಅಂದರೆ ಅದು ಸಮತಲದಿಂದ ಕೆಳಕ್ಕೆ ವಾಲಿದ ಕೋನ, 40 ಡಿಗ್ರಿ ಎಂದಿಟ್ಟುಕೊಳ್ಳಿ. ಕೊಯ್ತದ ಗೆರೆ ಸ್ಟ್ರೈಕ್‌ಗೆ (ಪದರದ ಮೇಲೆ ಎಳೆದ ಸಮತಲ ಗೆರೆಯ ದಿಕ್ಕಿಗೆ) ಲಂಬವಾಗಿದ್ದರೆ 40 ಎಂದೇ ಹಾಕಬಹುದು. ಗೆರೆ ಓರೆಯಾಗಿ, ಸ್ಟ್ರೈಕ್‌ನೊಂದಿಗೆ 30 ಡಿಗ್ರಿ ಕೋನದಲ್ಲಿದ್ದರೆ? ಟ್ಯಾನ್ 40 ಅಂದರೆ 0.839, ಸೈನ್ 30 ಅಂದರೆ 0.5, ಗುಣಿಸಿದರೆ 0.42. ಅದು ಸುಮಾರು 23 ಡಿಗ್ರಿಯ ಟ್ಯಾನ್. ಹಾಕಬೇಕಾದ್ದು 23. ಅಲ್ಲೂ 40 ಹಾಕಿದರೆ ಪದರ ನೆಲದೊಳಗೆ ಇರುವುದಕ್ಕಿಂತ ಎಷ್ಟೋ ಆಳದಲ್ಲಿ ಕಾಣುತ್ತದೆ. ಬೋರ್‌ವೆಲ್ ಕೊರೆಸುವವರಿಗೆ ಇದೇ ತಪ್ಪು ದುಬಾರಿ. ಗುಡ್ಡ ಚೆನ್ನಾಗಿ ಕಾಣಲೆಂದು ಲಂಬ ಸ್ಕೇಲನ್ನು ಹಿಗ್ಗಿಸಿ, ಡಿಪ್ ಮಾತ್ರ ಹಾಗೇ ಇಡುವುದು ಇನ್ನೊಂದು ಮಾಮೂಲಿ ಎಡವಟ್ಟು.

ಕನ್ನಡ ಮಾಧ್ಯಮದ ಚಿಂತೆ ಬೇಡ. ಪ್ಲೇಜಿಯೋಕ್ಲೇಸ್ ಎಂಬ ಖನಿಜದ ಹೆಸರು ಇಂಗ್ಲಿಷ್ ಮಾಧ್ಯಮದವರಿಗೂ ಅಷ್ಟೇ ಹೊಸತು. ಊರಿನ ಮುರಕಲ್ಲನ್ನೂ ಗುಡ್ಡ ಕೊರೆದು ನೀರು ತರುವ ಸುರಂಗವನ್ನೂ ನೋಡಿ ಬೆಳೆದವಳು ಆಕೆ. 1807ರಲ್ಲಿ ಸ್ಕಾಟ್ಲೆಂಡಿನ ಸಮೀಕ್ಷಕ ಬುಕಾನನ್ 'ಲ್ಯಾಟರೈಟ್' ಎಂದು ಹೆಸರಿಟ್ಟದ್ದು ಮಲಬಾರಿನ ಇದೇ ಬಗೆಯ ಕಲ್ಲಿಗೆ.

ಸೇರುವಾಗ ಹತ್ತುಪಟ್ಟು ದೊಡ್ಡದಾಗಿ ಕಾಣಿಸುವ ಹ್ಯಾಂಡ್ ಲೆನ್ಸ್ ಒಂದು ಕೊಡಿಸಿ. ಫೀಲ್ಡಿಗೆ ಹೋದಾಗ ಕಂಪಾಸ್ ಹಿಡಿದ ಕೈಯ ಹತ್ತಿರ ಸುತ್ತಿಗೆ ಇಡಬಾರದೆಂದೂ ಹೇಳಿಡಿ; ಕಬ್ಬಿಣಕ್ಕೆ ಮುಳ್ಳು ತಿರುಗಿ ಸ್ಟ್ರೈಕ್ ತಪ್ಪು ಬರುತ್ತದೆ.