ಅಡುಗೆಮನೆಯ ಪ್ರಶ್ನೋತ್ತರ: ಸಕ್ಕರೆ ತೆಗೆದ ಎಗ್‌ನಾಗ್

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿ ನೆಲೆಸಿ ಹದಿನೆಂಟು ವರ್ಷಗಳಾದವು. ಕ್ರಿಸ್‌ಮಸ್ ಹೊತ್ತಿಗೆ ನಮ್ಮ ಬೀದಿಯ ಮನೆಗಳವರೆಲ್ಲ ಒಂದು ಸಂಜೆ ಸೇರುವ ರೂಢಿಯಿದ್ದು, ಅಲ್ಲಿ ಹಾಲು, ಕೆನೆ, ಮೊಟ್ಟೆ, ಸಕ್ಕರೆ ಸೇರಿಸಿ ಮಾಡುವ ಎಗ್‌ನಾಗ್ ಎಂಬ ಪಾನೀಯ ಇಲ್ಲದೆ ಹಬ್ಬವೇ ಆಗುವುದಿಲ್ಲ. ನಮ್ಮ ಯಜಮಾನರಿಗೆ ಅದು ಬಹಳ ಇಷ್ಟ. ಅವರಿಗೆ ಟೈಪ್ 2 ಮಧುಮೇಹವಿರುವುದು ತಿಳಿದ ಮೇಲೆ, ಕಳೆದ ಡಿಸೆಂಬರ್‌ನಲ್ಲಿ ಎರಡು ಕಪ್ ಹಾಲು, ಒಂದು ಕಪ್ ಕೆನೆ ಮತ್ತು ಮೊಟ್ಟೆಗಳಿಗೆ ಸಕ್ಕರೆಯ ಬದಲು ಒಂದು ಕಪ್ ಎರಿತ್ರಿಟಾಲ್ ಎಂಬ ಸಿಹಿಪುಡಿ ಹಾಕಿ ಮನೆಯಲ್ಲೇ ಮಾಡಿದೆ. ಮಾಡಿದಾಗ ಚೆನ್ನಾಗಿತ್ತು, ರಾತ್ರಿಯೆಲ್ಲ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಕುಡಿದರೆ ಬಾಯಲ್ಲಿ ಮರಳು ಸಿಕ್ಕಂತಾಯಿತು. ಇನ್ನೊಮ್ಮೆ ಸ್ಟೀವಿಯಾ ಎಂಬ ಸಿಹಿ ಎಲೆಯ ಸಾರದ ಹನಿಗಳನ್ನು ಹಾಕಿದೆ. ಆಗ ಒಲೆಯ ಮೇಲೆಯೇ ಮೊಟ್ಟೆ ಗಂಟುಗಂಟಾಗಿ, ಉಳಿದದ್ದು ನೀರಾಯಿತು. ತಪ್ಪು ಎಲ್ಲಾಯಿತು? — ಓದುಗರು, ನ್ಯೂಜೆರ್ಸಿ

ಉತ್ತರ: ನೀವು ಬರೆದಿರುವುದನ್ನು ಎರಡು ಬಾರಿ ಓದಿದೆ. ನಿಮ್ಮ ಕೈಯ ತಪ್ಪು ಇದರಲ್ಲಿ ಬಹಳ ಕಡಿಮೆ. ಎಗ್‌ನಾಗ್‌ನಲ್ಲಿ ಸಕ್ಕರೆಯ ಕೆಲಸ ಸಿಹಿ ಕೊಡುವುದಷ್ಟೇ ಎಂದು ನಂಬಿ ಬರೆದ ಪಾಕವಿಧಾನಗಳನ್ನು ಅನುಸರಿಸಿದರೆ ಯಾರಿಗಾದರೂ ಹೀಗೆಯೇ ಆಗುತ್ತದೆ. ಮೊಟ್ಟೆಯ ಹಳದಿಯಲ್ಲಿರುವ ಪ್ರೋಟೀನ್ ಬಿಸಿಗೆ ಗಟ್ಟಿಯಾಗುವ ಉಷ್ಣತೆಯನ್ನು ಸಕ್ಕರೆ ಮೇಲಕ್ಕೆ ತಳ್ಳುತ್ತದೆ. ಅಂದರೆ ಸಕ್ಕರೆ ಇರುವಾಗ ಉರಿ ತುಸು ಹೆಚ್ಚಾದರೂ ಮೊಟ್ಟೆ ಒಡೆಯದೆ ತಾಳಿಕೊಳ್ಳುತ್ತದೆ. ಸ್ಟೀವಿಯಾದ ನಾಲ್ಕು ಹನಿಗಳಿಗೆ ಆ ಶಕ್ತಿಯಿಲ್ಲ. ನೀವು ಪ್ರತಿ ವರ್ಷ ಕಾಯಿಸುತ್ತಿದ್ದಷ್ಟೇ ಹೊತ್ತು ಕಾಯಿಸಿದ್ದೀರಿ, ಆದರೆ ಈ ಸಲ ಮೊಟ್ಟೆಗೆ ರಕ್ಷಣೆ ಇರಲಿಲ್ಲ. ನೀರಾದದ್ದಕ್ಕೂ ಕಾರಣ ಅದೇ: ಒಂದು ಕಪ್ ಸಕ್ಕರೆ ಎಂದರೆ 200 ಗ್ರಾಂ ಘನವಸ್ತು, ಅದು ಕರಗಿ ಪಾನೀಯಕ್ಕೆ ಮೈ, ಅಂದರೆ ಗಟ್ಟಿತನ ಕೊಡುತ್ತಿತ್ತು.

ಎರಿತ್ರಿಟಾಲ್‌ನ ಕಥೆ ಬೇರೆ. ಅದರ ಸಿಹಿ ಸಕ್ಕರೆಯ ಮೂರನೇ ಎರಡು ಭಾಗದಷ್ಟು ಮಾತ್ರ, ಆದ್ದರಿಂದ ಜನರು ಧಾರಾಳವಾಗಿ ಹಾಕುತ್ತಾರೆ. ಸಕ್ಕರೆ ತಣ್ಣನೆಯ ನೀರಿನಲ್ಲಿಯೂ ಬೇಕಾದಷ್ಟು ಕರಗಿರಬಲ್ಲದು, ಎರಿತ್ರಿಟಾಲ್ ಹಾಗಲ್ಲ. ಬಿಸಿಯಲ್ಲಿ ಕರಗಿದ್ದು ಫ್ರಿಜ್‌ನ ಚಳಿಗೆ ಮತ್ತೆ ಹರಳುಗಟ್ಟುತ್ತದೆ. ನಿಮ್ಮ ಬಾಯಿಗೆ ಸಿಕ್ಕ ಮರಳು ಅದೇ. ಪುಡಿ ಮಾಡಿ ಹಾಕಿದರೆ ಬೇಗ ಕರಗುತ್ತದೆಯೇ ಹೊರತು ಒಂದು ಕಪ್ಪಿನಷ್ಟು ಹಾಕಿದಾಗ ಹರಳಾಗುವುದು ತಪ್ಪುವುದಿಲ್ಲ. ಇನ್ನೊಂದು ವಿಷಯವನ್ನೂ ಹೇಳಬೇಕು. 2023ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸಂಶೋಧಕರು, ರಕ್ತದಲ್ಲಿ ಎರಿತ್ರಿಟಾಲ್ ಅಂಶ ಹೆಚ್ಚಿದ್ದವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯು ಹೆಚ್ಚಾಗಿ ಕಂಡುಬಂದದ್ದನ್ನು ಪ್ರಕಟಿಸಿದರು. ನಮ್ಮ ದೇಹವೂ ತಾನಾಗಿ ಸ್ವಲ್ಪ ಎರಿತ್ರಿಟಾಲ್ ತಯಾರಿಸುವುದರಿಂದ, ತಿಂದ ಎರಿತ್ರಿಟಾಲೇ ಕಾರಣವೆಂದು ಅದರಿಂದ ಸಿದ್ಧವಾಗುವುದಿಲ್ಲ. ಆದರೂ ಹೃದ್ರೋಗದ ಭಯವಿರುವ ಮಧುಮೇಹಿಗಳಿಗೆ ಅದನ್ನು ಕಪ್ಪುಗಟ್ಟಲೆ ಕುಡಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ನೀವಿರುವ ದೇಶದಲ್ಲಿ ಇದಕ್ಕೆ ಸರಿಯಾದ ವಸ್ತು ಅಲ್ಯುಲೋಸ್. ಇದು ಅಂಜೂರ, ಒಣದ್ರಾಕ್ಷಿಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಒಂದು ಬಗೆಯ ಸಕ್ಕರೆಯೇ ಆದರೂ ದೇಹ ಇದನ್ನು ಬಹುಮಟ್ಟಿಗೆ ಬಳಸಿಕೊಳ್ಳದೆ ಹೊರಹಾಕುತ್ತದೆ, ರಕ್ತದ ಗ್ಲೂಕೋಸನ್ನು ಏರಿಸುವುದಿಲ್ಲ. ಸಿಹಿ ಸಕ್ಕರೆಯ ಶೇಕಡ 70ರಷ್ಟು. ಫ್ರಿಜ್‌ನಲ್ಲಿಯೂ ಕರಗಿಯೇ ಇರುತ್ತದೆ, ಪಾನೀಯಕ್ಕೆ ಮೈಯನ್ನೂ ಕೊಡುತ್ತದೆ. ಪೊಟ್ಟಣದ ಮೇಲೆ ಒಟ್ಟು ಕಾರ್ಬೋಹೈಡ್ರೇಟ್ ಎಂಬಲ್ಲಿ ಅಲ್ಯುಲೋಸ್ ಸೇರಿರುತ್ತದೆ, ಸಕ್ಕರೆ ಎಂಬಲ್ಲಿ ಸೇರಿರುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2019ರಲ್ಲಿ ಹಾಗೆ ನಮೂದಿಸಲು ಅವಕಾಶ ಕೊಟ್ಟಿತು. ಒಟ್ಟು ಕಾರ್ಬೋಹೈಡ್ರೇಟಿನ ಅಂಕಿ ನೋಡಿ ಗಾಬರಿಯಾಗಬೇಡಿ. ಒಂದೇ ಸಲ ಬಹಳ ಸೇವಿಸಿದರೆ ಮಾತ್ರ ಹೊಟ್ಟೆ ಉಬ್ಬರಿಸುತ್ತದೆ.

ಇನ್ನು ನಿಮ್ಮ ಪತ್ರದಲ್ಲಿ ನನಗೆ ಚಿಂತೆಯುಂಟುಮಾಡಿದ ಮಾತು ಆ ಎರಡು ಕಪ್ ಹಾಲು. ಸಕ್ಕರೆ ತೆಗೆದ ಮೇಲೂ ಹಾಲಿನಲ್ಲಿ ಹಾಲಿನದೇ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಇದೆ. 240 ಮಿಲಿಲೀಟರಿನ ಒಂದು ಕಪ್ಪಿಗೆ ಸುಮಾರು 12 ಗ್ರಾಂ, ಎರಡು ಕಪ್ಪಿಗೆ 24 ಗ್ರಾಂ. ಕೆನೆ ತೆಗೆದ ಹಾಲಿನಲ್ಲಿಯೂ ಇದು ಕಡಿಮೆಯಾಗುವುದಿಲ್ಲ. ಲ್ಯಾಕ್ಟೋಸ್ ರಹಿತ ಎಂದು ಮಾರುವ ಹಾಲಿನಲ್ಲಿ ಆ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆದಿರುತ್ತಾರೆಯೇ ಹೊರತು ತೆಗೆದಿರುವುದಿಲ್ಲ. ಹಾಲು ಅರಗದವರಿಗೆ ಅದರಿಂದ ಉಪಕಾರ, ಮಧುಮೇಹಿಗಳಿಗೆ ಲಾಭವಿಲ್ಲ. ದಪ್ಪ ಕೆನೆಯಲ್ಲಿ ಮಾತ್ರ ಕೊಬ್ಬೇ ಶೇಕಡ 36ಕ್ಕಿಂತ ಹೆಚ್ಚಿರುವುದರಿಂದ ಒಂದು ಕಪ್ಪಿಗೆ ಲ್ಯಾಕ್ಟೋಸ್ ಆರೇಳು ಗ್ರಾಂಗೆ ನಿಲ್ಲುತ್ತದೆ. ಆದ್ದರಿಂದ ಕೆನೆಯನ್ನು ಉಳಿಸಿಕೊಂಡು ಹಾಲಿನ ಜಾಗದಲ್ಲಿ ಸಿಹಿ ಹಾಕದ ಬಾದಾಮಿ ಹಾಲನ್ನು ಬಳಸುವುದು ಒಳ್ಳೆಯದು.

ಆರು ಸಣ್ಣ ಲೋಟಗಳಿಗೆ ಲೆಕ್ಕ ಹೀಗಿದೆ. ಸಿಹಿ ಹಾಕದ ಬಾದಾಮಿ ಹಾಲು 360 ಮಿಲಿಲೀಟರ್, ದಪ್ಪ ಕೆನೆ 240 ಮಿಲಿಲೀಟರ್, ಐದು ಮೊಟ್ಟೆಗಳ ಹಳದಿ, ಅಲ್ಯುಲೋಸ್ 70 ಗ್ರಾಂ, ಒಂದು ಚಿಟಿಕೆ ಉಪ್ಪು, ಒಂದು ಟೀ ಚಮಚ ವೆನಿಲಾ ಎಸೆನ್ಸ್, ಅರ್ಧ ಟೀ ಚಮಚದಷ್ಟು ಆಗಷ್ಟೇ ತುರಿದ ಜಾಯಿಕಾಯಿ. ಹಳದಿ ಮತ್ತು ಅಲ್ಯುಲೋಸನ್ನು ಬಣ್ಣ ತಿಳಿಯಾಗುವವರೆಗೆ ಚೆನ್ನಾಗಿ ಕಡೆಯಿರಿ. ಬಾದಾಮಿ ಹಾಲು, ಅರ್ಧ ಕೆನೆ ಮತ್ತು ಉಪ್ಪನ್ನು ದಪ್ಪ ತಳದ ಪಾತ್ರೆಯಲ್ಲಿ ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣುವಷ್ಟು ಕಾಯಿಸಿ ಇಳಿಸಿ, ಅದನ್ನು ಮೊದಲು ಒಂದು ಸೌಟು, ಮತ್ತೆ ಒಂದು ಸೌಟು ಎಂಬಂತೆ ಕಡೆಯುತ್ತಲೇ ಹಳದಿಗೆ ಸೇರಿಸಿರಿ. ಎಲ್ಲವನ್ನೂ ಪಾತ್ರೆಗೆ ಮರಳಿಸಿ ಅತಿ ಸಣ್ಣ ಉರಿಯಲ್ಲಿ, ತಳ ಬಿಡದಂತೆ ತಿರುವುತ್ತಿರಬೇಕು. ಥರ್ಮಾಮೀಟರ್ ಇದ್ದರೆ 71 ಡಿಗ್ರಿ ಸೆಲ್ಸಿಯಸ್, ಅಂದರೆ ನಿಮ್ಮಲ್ಲಿ ಹೇಳುವ 160 ಫ್ಯಾರನ್‌ಹೀಟ್ ಮುಟ್ಟಿದೊಡನೆ ಇಳಿಸಿ. ಹಸಿ ಮೊಟ್ಟೆಯಲ್ಲಿರಬಹುದಾದ ಸಾಲ್ಮೊನೆಲ್ಲಾ ಎಂಬ ರೋಗಾಣು ಸಾಯಲು ಅಷ್ಟು ಬೇಕು. 80 ಡಿಗ್ರಿ ಸೆಲ್ಸಿಯಸ್ ದಾಟಲು ಬಿಟ್ಟರೆ ಒಡೆಯುತ್ತದೆ. ಥರ್ಮಾಮೀಟರ್ ಇಲ್ಲದವರು ಸೌಟಿನ ಹಿಂಬದಿಗೆ ಹತ್ತಿದ ಪದರದ ಮೇಲೆ ಬೆರಳೆಳೆದರೆ ಗೆರೆ ಹಾಗೆಯೇ ನಿಲ್ಲುವುದನ್ನು ಗುರುತಾಗಿಟ್ಟುಕೊಳ್ಳುವುದುಂಟು, ಆದರೆ ರೋಗಿಗಳಿಗೆ ಮಾಡುವಾಗ ಥರ್ಮಾಮೀಟರ್ ಕೊಳ್ಳುವುದೇ ಲೇಸು. ಇಳಿಸಿದ ಕೂಡಲೇ ಉಳಿದ ತಣ್ಣನೆಯ ಕೆನೆಯನ್ನು ಸುರಿಯಿರಿ. ಪಾತ್ರೆಯ ಕಾವಿನಲ್ಲಿ ಮೊಟ್ಟೆ ಮತ್ತಷ್ಟು ಬೇಯುವುದು ಅಲ್ಲಿಗೆ ನಿಲ್ಲುತ್ತದೆ. ಜರಡಿಯಲ್ಲಿ ಸೋಸಿ, ಜಾಯಿಕಾಯಿ ಮತ್ತು ವೆನಿಲಾ ಸೇರಿಸಿ, ನಾಲ್ಕು ಗಂಟೆ ಫ್ರಿಜ್‌ನಲ್ಲಿಡಿ.

ಅಲ್ಯುಲೋಸ್ ಬಿಟ್ಟು ಲೆಕ್ಕ ಹಾಕಿದರೆ ಲೋಟಕ್ಕೆ ಕಾರ್ಬೋಹೈಡ್ರೇಟ್ ಎರಡು ಗ್ರಾಂ ಆಸುಪಾಸು. ಅಂಗಡಿಯ ಎಗ್‌ನಾಗ್‌ನ ಅರ್ಧ ಕಪ್ಪಿನಲ್ಲಿ ಸಾಮಾನ್ಯವಾಗಿ 20 ಗ್ರಾಂ ಸುತ್ತಮುತ್ತ ಇರುತ್ತದೆ. ಆದರೆ ಕ್ಯಾಲೊರಿ ಇಳಿದಿಲ್ಲ ಎಂಬುದನ್ನು ನಿಮಗೆ ಸ್ಪಷ್ಟವಾಗಿ ಹೇಳಲೇಬೇಕು. ನಮ್ಮ ಲೋಟದಲ್ಲಿಯೂ 200ಕ್ಕೆ ಹತ್ತಿರ ಕ್ಯಾಲೊರಿಯೂ 19 ಗ್ರಾಂ ಕೊಬ್ಬೂ ಇವೆ. ಕಾರ್ಬ್ ಕಡಿಮೆ ಎಂದು ಮೂರು ಲೋಟ ಕುಡಿಯುವ ಪಾನೀಯ ಇದಲ್ಲ. ಲೋಟ ನಿಜವಾಗಿಯೂ ಸಣ್ಣದಿರಲಿ.

ಎಗ್‌ನಾಗ್‌ನ ಪೂರ್ವಜ ಮಧ್ಯಯುಗದ ಇಂಗ್ಲೆಂಡಿನ ಪಾಸೆಟ್. ಬಿಸಿ ಹಾಲಿಗೆ ಏಲ್ ಎಂಬ ಬಿಯರ್ ಅಥವಾ ದ್ರಾಕ್ಷಾರಸದ ಮದ್ಯ ಹಾಕಿ ಮಾಡುತ್ತಿದ್ದ ಆ ಪಾನೀಯ ಅಮೆರಿಕಕ್ಕೆ ಬಂದಾಗ, ಕೆರಿಬಿಯನ್ ದ್ವೀಪಗಳ ಅಗ್ಗದ ರಮ್ ಅದರಲ್ಲಿ ಸೇರಿತು. ನಿಮ್ಮ ಬೀದಿಯ ಹಬ್ಬದಲ್ಲಿಯೂ ರಮ್ ಇರಬಹುದು. ರಮ್, ಬೋರ್ಬನ್, ಬ್ರಾಂಡಿಗಳಲ್ಲಿ ಸಾಮಾನ್ಯವಾಗಿ ಸಕ್ಕರೆ ಅಷ್ಟಾಗಿ ಇರುವುದಿಲ್ಲ ಎಂಬುದು ನಿಜ. ಆದರೆ ಮದ್ಯ ದೇಹಕ್ಕೆ ಬಂದಾಗ ಯಕೃತ್ತು ಗ್ಲೂಕೋಸ್ ಬಿಡುಗಡೆ ಮಾಡುವುದನ್ನು ಹಿಂದೆ ಸರಿಸುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರಿಗೆ ಇದರಿಂದ ರಾತ್ರಿ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ಅದರಲ್ಲೂ ಪಾನೀಯದಲ್ಲಿ ಕಾರ್ಬ್ ಇಲ್ಲದಿರುವಾಗ. ಯಜಮಾನರ ಔಷಧಿಯ ಚೀಟಿಯನ್ನು ವೈದ್ಯರಿಗೆ ತೋರಿಸಿ ಕೇಳಿ. ರಮ್ ಇಲ್ಲದೆಯೇ ಮಾಡಿದರೆ ಜಾಯಿಕಾಯಿಯ ಪರಿಮಳ ಮುಂದೆ ಬರುತ್ತದೆ, ನನಗಂತೂ ಅದೇ ಹೆಚ್ಚು ಇಷ್ಟ.

ಪ್ರಶ್ನೆ: ಬೆಂಗಳೂರಿನಲ್ಲಿ ದಪ್ಪ ಕೆನೆಯಾಗಲಿ ಅಲ್ಯುಲೋಸ್ ಆಗಲಿ ನನಗೆ ಸುಲಭವಾಗಿ ಸಿಗುತ್ತಿಲ್ಲ. ಇಲ್ಲಿನ ಸಾಮಾನಿನಲ್ಲೇ ಕ್ರಿಸ್‌ಮಸ್‌ಗೆ ಮಾಡಬಹುದೆ? ಸಕ್ಕರೆಯ ಬದಲು ಬೆಲ್ಲ ಅಥವಾ ಜೇನುತುಪ್ಪ ನಡೆಯುತ್ತದೆಯೆ? — ಓದುಗರು, ಫ್ರೇಜರ್ ಟೌನ್

ಉತ್ತರ: ಬೆಲ್ಲದ ಪ್ರಶ್ನೆಯನ್ನು ಮೊದಲು ತೀರಿಸೋಣ. ಬೆಲ್ಲದಲ್ಲಿ ಬಹುಪಾಲು ಸಕ್ಕರೆಯೇ ಇದೆ. ಜೇನಿನಲ್ಲಿ ಐದನೇ ಒಂದು ಭಾಗದಷ್ಟು ನೀರು ಬಿಟ್ಟರೆ ಮಿಕ್ಕದ್ದೂ ಬಹುತೇಕ ಅದೇ ಜಾತಿ. ರುಚಿಯಲ್ಲಿ ಇವು ಎಷ್ಟು ಉತ್ತಮವಾಗಿದ್ದರೂ ರಕ್ತದ ಗ್ಲೂಕೋಸ್ ಇವುಗಳ ನಡುವೆ ಭೇದ ಮಾಡುವುದಿಲ್ಲ.

ಇಲ್ಲಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ರಟ್ಟಿನ ಪೊಟ್ಟಣದ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು ಶೇಕಡ 25. ಅದರಿಂದ ಮಾಡಬಹುದು, ತುಸು ತೆಳುವಾಗುತ್ತದೆ ಅಷ್ಟೇ. ಒಂದು ಹಳದಿ ಹೆಚ್ಚಿಗೆ ಹಾಕಿ. ಬಾದಾಮಿ ಹಾಲು ಎಂದರೆ ನಮ್ಮಲ್ಲಿ ಹಸುವಿನ ಹಾಲಿಗೆ ಸಕ್ಕರೆ, ಕೇಸರಿ, ಬಾದಾಮಿ ಪುಡಿ ಹಾಕಿದ ಪಾನೀಯವೆಂದೇ ಅರ್ಥ, ಹಾಗಾಗಿ ಆ ಬಾಟಲಿಗಳನ್ನು ತರಬೇಡಿ. 50 ಗ್ರಾಂ ಬಾದಾಮಿಯನ್ನು ರಾತ್ರಿ ನೆನೆಹಾಕಿ, ಸಿಪ್ಪೆ ಸುಲಿದು, ಅರ್ಧ ಲೀಟರ್ ನೀರಿನೊಂದಿಗೆ ನುಣ್ಣಗೆ ರುಬ್ಬಿ ತೆಳು ಬಟ್ಟೆಯಲ್ಲಿ ಹಿಂಡಿದರೆ ಬೇಕಾದ ಹಾಲು ಸಿದ್ಧ. ಮನೆಯ ಈ ಹಾಲಿಗೆ ಅಂಗಡಿಯದಕ್ಕಿಂತ ಹೆಚ್ಚು ಗಟ್ಟಿತನವಿರುತ್ತದೆ.

ಸಿಹಿಗೆ ಸ್ಟೀವಿಯಾ ಇದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಅದಕ್ಕೆ ಅನುಮತಿ ಕೊಟ್ಟಿದೆ. ಹೆಚ್ಚಾದರೆ ಕಹಿ ಬರುತ್ತದೆ, ಆದ್ದರಿಂದ ಪಾನೀಯ ಪೂರ್ತಿ ತಣ್ಣಗಾದ ಮೇಲೆ ಹನಿ ಹನಿಯಾಗಿ ಹಾಕಿ ರುಚಿ ನೋಡಿರಿ. ಸಕ್ಕರೆಯ ರಕ್ಷಣೆ ಇಲ್ಲದಿರುವುದರಿಂದ ನೇರ ಉರಿಯ ಮೇಲಿಡದೆ, ಕುದಿಯುವ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯಿಟ್ಟು ಆವಿಯ ಶಾಖದಲ್ಲಿ ಬೇಯಿಸಿ. ಮೈ ಬರಲು ಗ್ವಾರ್ ಗಮ್ ಸಹಾಯಕ್ಕೆ ಬರುತ್ತದೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ನಾವು ಪಲ್ಯ ಮಾಡುವ ಗೋರಿಕಾಯಿಯ, ಉತ್ತರ ಕರ್ನಾಟಕದವರ ಚವಳಿಕಾಯಿಯ ಬೀಜದಿಂದ ತೆಗೆದ ಪುಡಿ ಅದು. ಮೇಲಿನ ಅಳತೆಗೆ ಕಾಲು ಟೀ ಚಮಚದ ಅರ್ಧದಷ್ಟು ಸಾಕು. ಒಮ್ಮೆಗೇ ಸುರಿದರೆ ಗಂಟಾಗುತ್ತದೆ; ಕಡೆಯುತ್ತಿರುವಾಗ ಮೇಲಿನಿಂದ ತೆಳುವಾಗಿ ಉದುರಿಸಿ, ಹತ್ತು ನಿಮಿಷ ಕಾದು ಆಮೇಲೆ ಹದ ನೋಡಿ.

ಜಾಯಿಕಾಯಿಯ ವಿಷಯದಲ್ಲಿ ನೀವು ನ್ಯೂಜೆರ್ಸಿಯವರಿಗಿಂತ ಭಾಗ್ಯವಂತರು. ಶಿರಸಿ ಕಡೆಯ ಅಡಿಕೆ ತೋಟಗಳಲ್ಲಿ ಬೆಳೆದ ಇಡೀ ಕಾಯಿ ತಂದು ಬೇಕಾದಾಗ ತುರಿದುಕೊಳ್ಳಿ. ಪುಡಿಯಾಗಿ ಕೊಂಡದ್ದರಲ್ಲಿ ಪರಿಮಳ ಅರ್ಧ ಹೋಗಿರುತ್ತದೆ. ಹಿತವೆಂದು ಹೆಚ್ಚು ಹಾಕಬಾರದು. ಚಮಚಗಟ್ಟಲೆ ಜಾಯಿಕಾಯಿ ತಲೆ ತಿರುಗಿಸಿ ವಾಂತಿ ತರಿಸುತ್ತದೆ.

ಪ್ರಶ್ನೆ: ನಾವು ಮೊಟ್ಟೆ ತಿನ್ನುವುದಿಲ್ಲ. ಕಸ್ಟರ್ಡ್ ಪುಡಿ ಹಾಕಿ ಕಾರ್ಬ್ ಕಡಿಮೆಯಿರುವ ಎಗ್‌ನಾಗ್ ಮಾಡಬಹುದೆ? — ಓದುಗರು, ಧಾರವಾಡ

ಉತ್ತರ: ಕಸ್ಟರ್ಡ್ ಪುಡಿ ಎಂದರೆ ಬಣ್ಣ ಮತ್ತು ಪರಿಮಳ ಹಾಕಿದ ಮೆಕ್ಕೆಜೋಳದ ಪಿಷ್ಟ. ಅದನ್ನು ಹಾಕಿದರೆ ಕಾರ್ಬ್ ಕಡಿಮೆ ಮಾಡುವ ಉದ್ದೇಶವೇ ಹೋಗುತ್ತದೆ. ಗೋಡಂಬಿ ರುಬ್ಬಿ ಹಾಕುವ ಸಲಹೆಯನ್ನೂ ನಾನು ಕೊಡಲಾರೆ; 100 ಗ್ರಾಂ ಗೋಡಂಬಿಯಲ್ಲಿ 30 ಗ್ರಾಂ ಕಾರ್ಬೋಹೈಡ್ರೇಟ್ ಇದೆ.

ನಿಮಗೆ ದಾರಿ ತೋರಿಸಬಲ್ಲದ್ದು ಪೋರ್ಟೊರಿಕೊ ದ್ವೀಪದ ಕೊಕಿಟೊ. ಅಲ್ಲಿಯವರು ಕ್ರಿಸ್‌ಮಸ್‌ಗೆ ತೆಂಗಿನ ಹಾಲಿನಿಂದ ಮಾಡುವ ಈ ಪಾನೀಯವನ್ನು ಹಲವು ಮನೆಗಳಲ್ಲಿ ಮೊಟ್ಟೆಯಿಲ್ಲದೆಯೇ ತಯಾರಿಸುತ್ತಾರೆ. ಅವರ ಸಿಹಿಯಾದ ಕಂಡೆನ್ಸ್ಡ್ ಹಾಲನ್ನು ಬಿಟ್ಟು, ಒಂದು ದೊಡ್ಡ ಕಾಯಿಯನ್ನು ತುರಿದು ಮೊದಲ ಸಲ ಹಿಂಡಿದ ಗಟ್ಟಿ ಹಾಲು ಒಂದು ಕಪ್, ಮನೆಯಲ್ಲಿ ತೆಗೆದ ಬಾದಾಮಿ ಹಾಲು ಒಂದು ಕಪ್, ಸ್ಟೀವಿಯಾ, ಒಂದು ಚಿಟಿಕೆ ಉಪ್ಪು, ದಾಲ್ಚಿನ್ನಿ, ಜಾಯಿಕಾಯಿ ಮತ್ತು ಮೇಲೆ ಹೇಳಿದ ಗೋರಿಕಾಯಿ ಬೀಜದ ಪುಡಿ ಒಂದು ಚಿಟಿಕೆ ಸೇರಿಸಿ ಮಿಕ್ಸಿಯಲ್ಲಿ ತಿರುಗಿಸಿ. ಹಳದಿಯ ಬಣ್ಣ ಬೇಕಾದರೆ ನಾಲ್ಕು ಎಳೆ ಕೇಸರಿಯನ್ನು ಬೆಚ್ಚಗಿನ ಬಾದಾಮಿ ಹಾಲಿನಲ್ಲಿ ನೆನೆಸಿ ಹಾಕಿ. ತೆಂಗಿನ ಹಾಲನ್ನು ಕುದಿಸಬೇಡಿ, ಒಡೆಯುತ್ತದೆ. ಇದು ಒಂದು ದಿನದ ಪಾನೀಯ. ಮೊಟ್ಟೆಯದು ಫ್ರಿಜ್‌ನಲ್ಲಿ ಎರಡು ಮೂರು ದಿನ ಉಳಿಯುತ್ತದೆ. ತೆಂಗಿನ ಕೊಬ್ಬು ಚಳಿಗೆ ಮೇಲೆ ಹೆಪ್ಪುಗಟ್ಟುವುದರಿಂದ, ಬಡಿಸುವ ಹದಿನೈದು ನಿಮಿಷ ಮೊದಲು ಹೊರಗಿಟ್ಟು, ಬಾಟಲಿಯನ್ನು ಚೆನ್ನಾಗಿ ಕುಲುಕಿ ಲೋಟಕ್ಕೆ ಹಾಕಿರಿ.