‘ನಂದು ಎಲ್ಲಿದೆ ಮೇಡಂ?’

ನಾನು ಆಪ್ತಸಮಾಲೋಚಕಿ. ಸಂಗೀತ ರಚನೆ ಓದುವ ಮಕ್ಕಳು ತಮ್ಮದೆಂಬುದು ಎಲ್ಲಿದೆ ಎಂಬ ಇದೇ ನೋವು ಹೊತ್ತು ನನ್ನ ಹತ್ತಿರ ಬರುವುದು ಇದು ಮೊದಲ ಸಲವಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಈ ಹುಡುಗನ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ವಯಸ್ಸು 21. ಗದಗದ ಕಡೆಯವನು. ಚಿಕ್ಕಂದಿನಿಂದ ಹಿಂದೂಸ್ತಾನಿ ಕಲಿತು, ಈಗ ಬೆಂಗಳೂರಿನಲ್ಲಿ ಪಾಶ್ಚಾತ್ಯ ಸಂಗೀತ ರಚನೆ ಓದುತ್ತಿದ್ದಾನೆ. ಮೂರು ತಿಂಗಳಿಂದ ಒಂದು ಅಸೈನ್‌ಮೆಂಟೂ ಕೊಟ್ಟಿರಲಿಲ್ಲ. ನಿದ್ದೆ ಕೆಟ್ಟಿತ್ತು. ಅದಕ್ಕೆ ಮೊದಲು ಡಾಕ್ಟರ ಹತ್ತಿರ ಕಳಿಸಿದೆ.

ಅವನ ಪುಸ್ತಕದ ತುಂಬ ಕೆಂಪು ಗೆರೆ. ಕೌಂಟರ್‌ಪಾಯಿಂಟ್ (ಒಟ್ಟಿಗೇ ಸಾಗುವ ಬೇರೆ ಬೇರೆ ಧಾಟಿಗಳನ್ನು ಹೆಣೆಯುವ ಕಲೆ) ಬರೆಯುವಾಗ ಎರಡು ದನಿಗಳು ಸ-ಪ ಅಂತರ ಇಟ್ಟುಕೊಂಡು ಜೊತೆಜೊತೆಗೇ ಸಾಗಬಾರದಂತೆ. ಸಾಗಿದರೆ ಎರಡೂ ಬೆಸೆದುಕೊಂಡು ಒಂದೇ ದನಿಯಾಗಿ ಕೇಳಿಸುತ್ತವೆ. 1725ರಲ್ಲಿ ಆಸ್ಟ್ರಿಯಾದ ಸಂಗೀತಗಾರ ಫುಕ್ಸ್ ಹಾಕಿಕೊಟ್ಟ ಐದು ಹಂತದ ಪಾಠ ಇಂದಿಗೂ ನಡೆಯುತ್ತಿದೆ ಎಂದು ಅವನೇ ಹೇಳಿದ. ಆದರೆ ಸ-ಪ ಮಿಡಿಯುವ ತಂಬೂರಿ ಕೇಳಿ ಬೆಳೆದ ಕಿವಿಗೆ ಆ ಅಂತರವೇ ಹಿತ ಅಲ್ವಾ? ಪ್ರತಿ ಸಲ ಅಲ್ಲೇ ಜಾರುತ್ತಿದ್ದ.

ಮೂರನೇ ಭೇಟಿಯಲ್ಲಿ ಲ್ಯಾಪ್‌ಟಾಪ್ ತೆರೆದು, ಎಲ್ಲಕ್ಕಿಂತ ಜಾಸ್ತಿ ಅಂಕ ಬಂದ ತನ್ನ ರಚನೆ ಕೇಳಿಸಿದ. ಮುಗಿದ ಮೇಲೆ, ‘ಇದನ್ನು ಬಾಯಲ್ಲಿ ಗುನುಗು’ ಎಂದೆ. ಎರಡನೇ ಸಾಲಿಗೇ ನಿಂತುಬಿಟ್ಟ.

‘ಹೋಗ್ಲಿ, ಬಾಯಿಗೆ ತಾನಾಗೇ ಬರೋದು ಯಾವುದು?’

ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ಏನೋ ಗುನುಗತೊಡಗಿದ. ಗುನುಗುತ್ತಾ ಬಲಗೈ ಮೇಜಿನ ಮೇಲೆ ಸುತ್ತತೊಡಗಿತು. ಬೀಸುಕಲ್ಲಿನ ಗೂಟ ಹಿಡಿದ ಹಾಗೆ ಮುಷ್ಟಿ ಬಿಗಿದಿತ್ತು. ಅದು ಅವನ ಅಜ್ಜಿಯ ಬೀಸುವ ಹಾಡು.

ಥಟ್ಟನೆ ನಿಲ್ಲಿಸಿದ. ‘ಇದನ್ನ ಬರೆದ್ರೆ ಅಜ್ಜಿದು. ಅದನ್ನ ಬರೆದ್ರೆ ಸರ್‌ದು. ನಂದು ಎಲ್ಲಿದೆ ಮೇಡಂ?’

ಆ ದಿನ ನಾನು ಉತ್ತರ ಕೊಡಲಿಲ್ಲ. ಮುಂದಿನ ವಾರ ಹೇಳಿದೆ: ಕೋರ್ಸ್ ಬಿಡಬೇಡ. ಸರ್ ಕೊಟ್ಟದ್ದನ್ನು ಸ್ವರಾಭ್ಯಾಸದ ಪಲ್ಟಾ ಹಾಡಿದ ಹಾಗೆ ಮಾಡಿ ಮುಗಿಸು. ಪಲ್ಟಾ ಹಾಡುವಾಗ ‘ಇದರಲ್ಲಿ ನಾನೆಲ್ಲಿ’ ಎಂದು ಕೇಳಿದ್ದೆಯಾ? ದಿನಾ ಇಪ್ಪತ್ತು ನಿಮಿಷ ಬೇರೆ ನೋಟ್‌ಬುಕ್‌ನಲ್ಲಿ ಅಜ್ಜಿಯ ಧಾಟಿ ಹಿಡಿದು ಬರಿ. ಅಳಿಸಬೇಡ. ತಿಂಗಳು ಯಾರಿಗೂ ತೋರಿಸಬೇಡ. ಆಮೇಲೆ ಸರ್‌ಗೇ ತೋರಿಸು.

ನನ್ನ ಸಹೋದ್ಯೋಗಿಯೊಬ್ಬರಿಗೆ ಇದು ಹಿಡಿಸಲಿಲ್ಲ. ಹುಡುಗನನ್ನು ಅದೇ ಕೆಂಪು ಗೆರೆಗೆ ವಾಪಸ್ ಕಳಿಸಿದಿರಿ ಎಂದರು. ಹೌದು, ಕಳಿಸಿದೆ. ತನ್ನತನ ಎಲ್ಲೋ ಒಳಗೆ ಸಿದ್ಧವಾಗಿ ಕೂತಿರುತ್ತದೆ, ಶಾಲೆ ಅದನ್ನು ಕೆಡಿಸುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಆ ನಂಬಿಕೆಯೇ ಈ ಮಕ್ಕಳ ಕೈ ಕಟ್ಟಿಹಾಕಿದ್ದನ್ನು ನೋಡಿದ್ದೇನೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಬಾಲ್ಯದಲ್ಲಿ ದೊಡ್ಡ ಗಾಯಕರ ಗ್ರಾಮೊಫೋನ್ ತಟ್ಟೆಗಳನ್ನು ಕೇಳಿ ಹಾಗೇ ಒಪ್ಪಿಸುತ್ತಿದ್ದರು. ಮುಂದೆ ಕ್ಷಯ ಬಂದು, ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದಾಗ ಮಾಳವದ ಜನಪದ ಹಾಡು ಕಿವಿಗೆ ಬಿತ್ತು. ಅದರಿಂದ ಹೊಸ ರಾಗಗಳನ್ನೇ ಕಟ್ಟಿದರು. ಅನುಕರಣೆಯೂ ಬೇರೆಯವರದು, ಜನಪದವೂ ಬೇರೆಯವರದು. ಆದರೂ ಅವರ ಹಾಡು ಬೇರೆ ಯಾರದ್ದೂ ಅಲ್ಲ. ಈ ಕಥೆಯನ್ನು ಹುಡುಗನಿಗೂ ಹೇಳಿದೆ.

ಮೊನ್ನೆ ಬಂದಿದ್ದ. ಬೀಸುವ ಧಾಟಿಯನ್ನು ಎರಡು ಚೆಲೋಗಳಿಗೆ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಬರೆದಿದ್ದಾನೆ. ಒಂದು ಕಡೆ ಸ-ಪ ಜೊತೆಜೊತೆಗೇ ನಡೆದಿವೆ, ಅಳಿಸಿಲ್ಲ. ಇನ್ನೊಂದು ಕಡೆ ತಾನಾಗೇ ಬೇರೆ ಮಾಡಿದ್ದಾನೆ. ಕೊನೆಯ ನಾಲ್ಕು ಸಾಲು ಖಾಲಿ.

‘ಇಲ್ಲಿ ಏನು ಬರ್ಬೇಕು ಅಂತ ಇನ್ನೂ ಗೊತ್ತಾಗಿಲ್ಲ’ ಎಂದು ಪೆನ್ಸಿಲ್ ತೆಗೆದ.