ಪವರ್ ವಿಂಡೋ ಕೈಕೊಟ್ಟರೆ ಮೊದಲು ಎಲ್ಲಿ ನೋಡಬೇಕು?

ಪ್ರಶ್ನೆ: ನಮ್ಮದು 2010ರ ಪೆಟ್ರೋಲ್ ಕಾರು. ಮಳೆ ಶುರುವಾದಾಗಿಂದ ಡ್ರೈವರ್ ಪಕ್ಕದ ಗ್ಲಾಸ್ ಇಳಿದರೆ ಮತ್ತೆ ಏರುವ ಖಾತ್ರಿ ಇಲ್ಲ. ಬಾಗಿಲು ತೆರೆದು ಸ್ವಿಚ್ ಎತ್ತಿದರೆ ಕೆಲವೊಮ್ಮೆ ಸರಾಗವಾಗಿ ಏರುತ್ತದೆ. ಗ್ಯಾರೇಜಿನವರು ಮೋಟಾರ್ ಮತ್ತು ಮಷೀನ್ (ಗ್ಲಾಸನ್ನು ಹಿಡಿದು ಏರಿಸಿ ಇಳಿಸುವ ಜೋಡಣೆ) ಎರಡೂ ಹೋಗಿವೆ, ಪೂರ್ತಿ ಸೆಟ್ ಬದಲಿಸೋಣ ಅಂತಾರೆ. ಸದ್ಯಕ್ಕೆ ಗ್ಲಾಸ್ ಮೇಲೆತ್ತಿ ಟೇಪ್ ಹಚ್ಚಿ ಓಡಿಸುತ್ತಿದ್ದೇವೆ. ಗಣಪತಿಗೆ ಉಡುಪಿಗೆ ಹೋಗುವವರೆಗೆ ಹೀಗೇ ಬಿಟ್ಟರೆ ನಡೆಯುತ್ತಾ? ಅಂದ ಹಾಗೆ, ಇದು ನಿಂತಾಗ ಉಳಿದ ಮೂರು ಗ್ಲಾಸುಗಳೂ ನಿಲ್ಲುತ್ತವೆ, ಸೆಂಟ್ರಲ್ ಲಾಕೂ ಒಮ್ಮೊಮ್ಮೆ ಬೀಳುವುದಿಲ್ಲ.
— ಓದುಗರು, ಡೊಂಬಿವಲಿ

ಉತ್ತರ: ನೀವು ಕೊನೆಯಲ್ಲಿ 'ಅಂದ ಹಾಗೆ' ಅಂತ ಬರೆದಿರುವುದೇ ಇಲ್ಲಿ ಮುಖ್ಯ. ದಯವಿಟ್ಟು ಸೆಟ್ ಈಗಲೇ ಕೊಳ್ಳಬೇಡಿ. ಪ್ರತಿ ಗ್ಲಾಸಿಗೂ ಅದರದೇ ಮೋಟಾರ್ ಇರುತ್ತದೆ, ಲಾಕಿನದ್ದು ಬೇರೆಯೇ. ಇಷ್ಟೂ ಒಟ್ಟಿಗೆ ನಿಲ್ಲುತ್ತವೆ, ಬಾಗಿಲು ತೆರೆದರೆ ಕೆಲವೊಮ್ಮೆ ಗ್ಲಾಸಿಗೆ ಜೀವ ಬರುತ್ತದೆ ಅಂದರೆ, ಒಂದು ಮೋಟಾರ್ ಬದಲಿಸಿ ಏನು ಪ್ರಯೋಜನ, ಅಲ್ವಾ? ಎಲ್ಲಕ್ಕೂ ಕರೆಂಟ್ ಹೋಗುವ ದಾರಿಯನ್ನೇ ನೋಡಬೇಕು.

ಆ ದಾರಿ ಡ್ರೈವರ್ ಬಾಗಿಲಿನ ಮೂಲಕ ಹೋಗುತ್ತದೆ. ಹಳೆಯ ಕಾರುಗಳಲ್ಲಿ ಹೆಚ್ಚಾಗಿ ನಾಲ್ಕೂ ಗ್ಲಾಸಿನ ಕರೆಂಟ್ ಅಲ್ಲಿನ ಮೇನ್ ಸ್ವಿಚ್ ದಾಟಿಯೇ ಮುಂದೆ ಹೋಗುವುದು. ಬಾಗಿಲು ತೆರೆದು ಹಿಂಜ್ ಪಕ್ಕ ನೋಡಿ, ಬಾಡಿಯಿಂದ ಬಾಗಿಲಿಗೆ ಮಡಿಕೆ ಮಡಿಕೆಯಾದ ಒಂದು ಕಪ್ಪು ರಬ್ಬರ್ ಕೊಳವೆ ಹೋಗಿರುತ್ತದೆ. ವೈರುಗಳೆಲ್ಲ ಅದರೊಳಗೆ ಇರುತ್ತವೆ. ಬಾಗಿಲು ತೆರೆದು ಹಾಕಿದಾಗಲೆಲ್ಲ ಅವು ಬಾಗುತ್ತವೆ, ಅದೂ ಅದೇ ಜಾಗದಲ್ಲಿ, ವರ್ಷಗಟ್ಟಲೆ. ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ತಾಮ್ರದ ಎಳೆಗಳು ಮಾತ್ರ ಒಂದೊಂದಾಗಿ ತುಂಡಾಗಿರುತ್ತವೆ. ರಬ್ಬರ್ ಬಿರುಕು ಬಿಟ್ಟಿದ್ದರೆ ಮಳೆನೀರೂ ಒಳಗೆ ಹೋಗಿ ತಾಮ್ರ ಹಸಿರುಗಟ್ಟುತ್ತದೆ.

ಪರೀಕ್ಷೆ ಸುಲಭ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಶುರು ಮಾಡಬೇಡಿ, ಒಳಗಿನ ಸೀಲಿಂಗ್ ಲೈಟ್ ಹಾಕಿ. ಗ್ಲಾಸಿನ ಸ್ವಿಚ್ ಒತ್ತಿದಾಗ ಆ ಲೈಟ್ ಸ್ವಲ್ಪ ಮಂಕಾಗುತ್ತದಾ ನೋಡಿ. ಮಂಕಾದರೆ ಕರೆಂಟ್ ಮೋಟಾರಿಗೆ ತಲುಪುತ್ತಿದೆ, ಆದರೂ ಅದು ತಿರುಗುತ್ತಿಲ್ಲ ಎಂದರ್ಥ. ಏನೂ ಆಗದಿದ್ದರೆ ಕರೆಂಟೇ ಹೋಗುತ್ತಿಲ್ಲ. ನಿಮ್ಮ ಕಾರಿನಲ್ಲಿ ಎರಡನೆಯದ್ದೇ ಆಗುತ್ತದೆ ಅಂತ ನನ್ನ ಅಂದಾಜು. ಆಮೇಲೆ ಒಬ್ಬರು ಸ್ವಿಚ್ ಒತ್ತಿಕೊಂಡೇ ಇರಲಿ, ನೀವು ಆ ರಬ್ಬರ್ ಕೊಳವೆಯನ್ನು ಮೆಲ್ಲಗೆ ಹಿಚುಕಿ, ಬಗ್ಗಿಸಿ. ಗ್ಲಾಸ್ ಒಮ್ಮೆ ಮಿಸುಕಿದರೂ ಸಾಕು, ರೋಗ ಅಲ್ಲೇ ಇದೆ. ಆಗ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಮೊದಲು ಮೇನ್ ಕರೆಂಟಿನ ದಪ್ಪ ವೈರ್ ಮತ್ತು ಅರ್ತಿಂಗ್ ವೈರ್ (ಕರೆಂಟ್ ಬಾಡಿಗೆ ವಾಪಸ್ ಹೋಗುವ ವೈರ್) ಎರಡನ್ನೂ ನೋಡಲು ಹೇಳಿ. ಎಷ್ಟೋ ಸಲ ಅರ್ತಿಂಗ್ ವೈರ್ ಯಾರ ಕಣ್ಣಿಗೂ ಬೀಳುವುದಿಲ್ಲ.

ರಿಪೇರಿ ಮಾಡುವಾಗ ಒಂದು ವಿಷಯದಲ್ಲಿ ಹಟ ಹಿಡಿಯಿರಿ. ತುಂಡಾದ ಎರಡು ತುದಿಗಳನ್ನು ಅಲ್ಲೇ ತಿರುಚಿ ಕಪ್ಪು ಟೇಪ್ ಸುತ್ತಿ ಕೊಟ್ಟರೆ ಒಪ್ಪಿಕೊಳ್ಳಬೇಡಿ. ಬಾಗುವ ಜಾಗದಲ್ಲಿ ಜಾಯಿಂಟ್ ಇರಲೇಬಾರದು. ಅಲ್ಲಿ ಬೆಸುಗೆ ಹಾಕಿದರೂ ಅದು ಗಟ್ಟಿಯಾಗಿ, ಅದರ ಪಕ್ಕದಲ್ಲೇ ವೈರ್ ಮತ್ತೆ ತುಂಡಾಗುತ್ತದೆ. ಅಷ್ಟೇ ದಪ್ಪದ, ಸಣ್ಣ ಎಳೆಗಳ ಮೆತ್ತಗಿನ ಹೊಸ ವೈರನ್ನು ಕೊಳವೆಯ ಉದ್ದಕ್ಕೂ ಹಾಯಿಸಿ, ಜಾಯಿಂಟುಗಳು ಕೊಳವೆಯ ಆಚೆ ಈಚೆ ಬರುವ ಹಾಗೆ ಮಾಡಿಸಿ, ಮೇಲೆ ಹೀಟ್ ಶ್ರಿಂಕ್ ತೋಳು (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿಸಿ. ಬಿರುಕು ಬಿಟ್ಟ ರಬ್ಬರನ್ನೂ ಬದಲಿಸಿ. ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಸಿ.

ವೈರ್ ಸರಿಯಿದ್ದರೆ ಮುಂದಿನ ಅನುಮಾನ ಮೇನ್ ಸ್ವಿಚ್ ಮೇಲೆ. ಗ್ಲಾಸ್ ಇಳಿಸಿದಾಗ ಮಳೆ ನೇರ ಅದರ ಮೇಲೇ ಬೀಳುತ್ತದೆ, ಜೊತೆಗೆ ಮುಂಬೈಯ ಉಪ್ಪುಗಾಳಿ ಬೇರೆ. ಒಳಗಿನ ಕಾಂಟ್ಯಾಕ್ಟುಗಳು ಕಪ್ಪಾಗುತ್ತವೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯಿಂದ ತೊಳೆದರೆ ಎಷ್ಟೋ ಸ್ವಿಚ್‌ಗಳು ಮತ್ತೆ ಕೆಲಸ ಮಾಡುತ್ತವೆ. ಡೋರ್ ಪ್ಯಾಡ್ (ಬಾಗಿಲಿನ ಒಳಗಡೆಯ ಹೊದಿಕೆ) ತೆಗೆದಾಗ ಅದರ ಹಿಂದಿರುವ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಸಾಡಲು ಬಿಡಬೇಡಿ, ಬಾಗಿಲೊಳಗೆ ಇಳಿಯುವ ನೀರು ಕಾರಿನೊಳಗೆ ಬರದಂತೆ ತಡೆಯುವುದೇ ಅದು. ಬಾಗಿಲಿನ ಅಡಿಯಲ್ಲಿ ನೀರು ಹೋಗಲು ತೂತುಗಳಿರುತ್ತವೆ. ಕೆಸರು ಕಟ್ಟಿದ್ದರೆ ಒಂದು ಕಡ್ಡಿಯಿಂದ ಬಿಡಿಸಿ.

ಇನ್ನು ಟೇಪ್ ಹಚ್ಚಿ ಓಡಿಸುವ ಮಾತು. ಬೇಡ ಸರ್, ಇದನ್ನು ಮುಂದೂಡಬೇಡಿ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿದ್ದಾಗ, ಬಾಗಿಲೂ ತೆರೆಯದೆ ಗ್ಲಾಸೂ ಇಳಿಯದೆ ಕಾರಿನೊಳಗೇ ಸಿಕ್ಕಿಕೊಂಡು ಜನ ಸತ್ತರು. ನೀರು ಹೊರಗಿನಿಂದ ಒತ್ತುವಾಗ ಬಾಗಿಲು ತಳ್ಳುವುದು ಆಗದ ಮಾತು. ಆಗ ಉಳಿಯುವ ದಾರಿ ಗ್ಲಾಸ್ ಒಂದೇ. ನಿಮ್ಮದು ನಿಂತರೆ ನಾಲ್ಕೂ ಒಟ್ಟಿಗೆ ನಿಲ್ಲುತ್ತವೆ, ಲಾಕೂ ನಂಬಿಕೆಗಿಲ್ಲ. ಮನೆಮಂದಿಯನ್ನು ಕೂರಿಸಿಕೊಂಡು ಅಷ್ಟು ದೂರ ಹೋಗುವವರು ನೀವು, ಹೊರಡುವ ಮೊದಲೇ ಇದನ್ನು ಮುಗಿಸಿಕೊಳ್ಳಿ.

ಗ್ಲಾಸ್ ಸರಿಯಿರುವವರಿಗೂ ಒಂದು ಮಾತು. ಮುಂಬೈಯಲ್ಲಿ ಅಂಧೇರಿ ಸಬ್‌ವೇ, ಹಿಂದ್‌ಮಾತಾದಂಥ ತಗ್ಗು ಜಾಗಗಳಲ್ಲಿ ನೀರು ನಿಂತಿದ್ದರೆ ಕಾರು ಇಳಿಸಲೇಬೇಡಿ. ಅಕಸ್ಮಾತ್ ನೀರಿನಲ್ಲಿ ಸಿಕ್ಕಿಕೊಂಡರೆ ಫೋನ್ ಮಾಡುತ್ತಾ ಕೂರದೆ, ಕರೆಂಟ್ ಇರುವಾಗಲೇ ತಕ್ಷಣ ಗ್ಲಾಸ್ ಇಳಿಸಿ. ಗಾಜು ಒಡೆಯುವ ಚೂಪು ತುದಿಯ ಸುತ್ತಿಗೆ ಸೀಟಿನಿಂದ ಕೈಗೆಟಕುವ ಜಾಗದಲ್ಲಿರಲಿ, ಡಿಕ್ಕಿಯಲ್ಲಿಟ್ಟರೆ ಉಪಯೋಗಕ್ಕೆ ಬರುವುದಿಲ್ಲ. ಹೊಡೆಯಬೇಕಾದದ್ದು ಪಕ್ಕದ ಗ್ಲಾಸಿನ ಮೂಲೆಗೆ. ಮುಂದಿನ ಗಾಜಿನ ಮಧ್ಯೆ ಪ್ಲಾಸ್ಟಿಕ್ ಪದರ ಇರುತ್ತದೆ, ಹೊಡೆದರೂ ಅದು ಬಿಟ್ಟುಕೊಡುವುದಿಲ್ಲ.

ಪ್ರಶ್ನೆ: ನಮ್ಮ ಕಾರಿನ ಎಡಗಡೆ ಮುಂದಿನ ಗ್ಲಾಸ್ ತುಂಬಾ ನಿಧಾನ ಏರುತ್ತದೆ. ನಾಲ್ಕೈದು ಸಲ ಒತ್ತಿದರೆ ಪೂರ್ತಿ ನಿಂತೇ ಹೋಗುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಏರುತ್ತದೆ. ಬೀಡಿಂಗಿಗೆ (ಗ್ಲಾಸ್ ಜಾರುವ ರಬ್ಬರ್ ಅಂಚಿಗೆ) ಎಂಜಿನ್ ಆಯಿಲ್ ಹಚ್ಚಿದೆವು, ಮೊದಲು ಚೆನ್ನಾಗಿತ್ತು, ಈಗ ಜಾಸ್ತಿ ಆಗಿದೆ.
— ಓದುಗರು, ವಾಸ್ಕೋ, ಗೋವಾ

ಉತ್ತರ: ಮೋಟಾರ್ ಬಹುಶಃ ಚೆನ್ನಾಗಿಯೇ ಇದೆ. ಜಾಸ್ತಿ ಭಾರ ಬಿದ್ದು ಬಿಸಿಯಾದಾಗ ಸುಟ್ಟುಹೋಗದಿರಲಿ ಅಂತ ಅದರೊಳಗೊಂದು ರಕ್ಷಣೆ ಇರುತ್ತದೆ, ಅದು ಕರೆಂಟ್ ತಡೆಯುತ್ತದೆ, ತಣ್ಣಗಾದರೆ ಮತ್ತೆ ಬಿಡುತ್ತದೆ. ಆ ಭಾರ ಬರುತ್ತಿರುವುದು ಬೀಡಿಂಗಿನಿಂದ. ಪೆಟ್ರೋಲಿಯಂ ಎಣ್ಣೆ ರಬ್ಬರನ್ನು ಉಬ್ಬಿಸುತ್ತದೆ, ಧೂಳನ್ನೂ ಹಿಡಿದಿಡುತ್ತದೆ. ಗ್ಲಾಸ್ ಇಳಿಸಿ, ಸೋಪುನೀರಿನಲ್ಲಿ ಅದ್ದಿದ ಬಟ್ಟೆಯನ್ನು ತೆಳುವಾದ ಪಟ್ಟಿಗೆ ಸುತ್ತಿ ಬೀಡಿಂಗಿನ ಸಂದನ್ನು ಚೆನ್ನಾಗಿ ಉಜ್ಜಿ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದು ಗ್ಲಾಸನ್ನು ಕೆಲವು ಸಲ ಏರಿಸಿ ಇಳಿಸಿ. ರಬ್ಬರ್ ಆಗಲೇ ಉಬ್ಬಿ ಮೆತ್ತಗಾಗಿದ್ದರೆ ಹೊಸ ಬೀಡಿಂಗ್ ಹಾಕಿಸಲೇಬೇಕು.

ಪ್ರಶ್ನೆ: ನಮ್ಮ ಮೋಟಾರ್ ತಿರುಗುವ ಸದ್ದು ಕೇಳುತ್ತದೆ, ಗ್ಲಾಸ್ ಅಲುಗುವುದಿಲ್ಲ. ಕುರ್ಲಾದ ಹಳೆ ಬಿಡಿಭಾಗಗಳ ಅಂಗಡಿಯಲ್ಲಿ ಹಳೆಯ ಮಷೀನ್ ತಗೋಬಹುದಾ?
— ಓದುಗರು, ಚೆಂಬೂರ್

ಉತ್ತರ: ಸದ್ದು ಇದೆ ಅಂದರೆ ಹೆಚ್ಚಾಗಿ ಒಳಗಿನ ಕೇಬಲ್ ತುಂಡಾಗಿದೆ, ಇಲ್ಲವೇ ಗ್ಲಾಸ್ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ ಮುರಿದಿದೆ. ಮೊದಲು ಡೋರ್ ಪ್ಯಾಡ್ ತೆಗೆಸಿ ನೋಡಿ, ಕ್ಲಿಪ್ ಒಂದೇ ಸಾಕಾಗಬಹುದು. ಮಷೀನೇ ಬೇಕಾದರೆ ಹಳೆಯದ್ದು ತಗೊಳ್ಳಿ, ತೊಂದರೆ ಇಲ್ಲ, ಆದರೆ ಎಡ ಬಲ ಬೇರೆ ಬೇರೆ ಇರುತ್ತವೆ, ನಿಮ್ಮ ಹಳೆಯದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಅಂಗಡಿಯಲ್ಲೇ 12 ವೋಲ್ಟ್ ಬ್ಯಾಟರಿಗೆ ಹಚ್ಚಿಸಿ, ವೈರ್ ಅದಲುಬದಲು ಮಾಡಿ ಮೇಲಕ್ಕೂ ಕೆಳಕ್ಕೂ ಪೂರ್ತಿ ಓಡಿಸಿ ನೋಡಿ ದುಡ್ಡು ಕೊಡಿ.